ಇಳಿಜಾರಿನ ಲೆಕ್ಕ

ಲಿಸ್ಬನ್ನಿನಲ್ಲಿ ರಾತ್ರಿ ಹನ್ನೊಂದಕ್ಕೆ
ನದಿ ದಂಡೆಯ ನಿಲ್ದಾಣದಲ್ಲಿ ಬಾಡಿಗೆ ಸೈಕಲ್ಲುಗಳ ನೂಕುನುಗ್ಗಲು.
ಮೇಲೆ, ಗ್ರಾಸಾ ಗುಡ್ಡದಲ್ಲಿ,
ಹದಿನಾರು ಕಂಬ, ಒಂದಕ್ಕೂ ಸೈಕಲ್ಲಿಲ್ಲ.

ಬೆಳಿಗ್ಗೆ ಇಳಿದವರು ಇಳಿದರು, ಅಷ್ಟೆ.
ಗಾಳಿಗೆ ಕೂದಲು ಬಿಟ್ಟು, ಬ್ರೇಕಿನ ಮೇಲೆ ಎರಡು ಬೆರಳಿಟ್ಟು,
ಟ್ರಾಮಿನ ಹಳಿ ತಪ್ಪಿಸಿ, ಮೀನಂಗಡಿಯ ಮುದುಕನಿಗೆ ಕೈಬೀಸಿ.
ಸಂಜೆ ಹತ್ತುವಾಗ ಎಲ್ಲರಿಗೂ ಬಸ್ಸು ನೆನಪಾಗುತ್ತದೆ.
ತಗ್ಗು ಎಲ್ಲಿದೆಯೆಂದು ನೀರಿಗೆ ಯಾರೂ ಹೇಳಿಕೊಡಬೇಕಿಲ್ಲ,
ಸೈಕಲ್ಲಿಗೂ.

ಮೇಲಕ್ಕೆ ಒಯ್ಯುವವಳು ನಾನು, ಇಡಲೀನಾ.
ಜೊತೆಗೆ ಝೆಫೆರೀನು, ಅವನ ಬೆನ್ನುನೋವು,
ಹಿಂಬಾಗಿಲು ಸರಿಯಾಗಿ ಮುಚ್ಚದ ಒಂದು ವ್ಯಾನು.
ಒಂದು ಸಲಕ್ಕೆ ಇಪ್ಪತ್ತೆರಡು. ರಾತ್ರಿಗೆ ಆರು ಸಲ.
ಬೆಳಕು ಹರಿಯುವಷ್ಟರಲ್ಲಿ ಗುಡ್ಡ ತುಂಬಿರಬೇಕು,
ಹತ್ತು ಗಂಟೆಗೆ ಮತ್ತೆ ಖಾಲಿ.
ತೂತು ಕೊಡ ಇದು, ಅನ್ನುತ್ತಾನೆ ಝೆಫೆರೀನು.
ಕೊಡವಲ್ಲ ಮಾರಾಯ, ನಲ್ಲಿ.

ಇದಕ್ಕೂ ಮುಂಚೆ ದಕ್ಷಿಣದ ಒಂದು ಕಡಲೂರಿನಲ್ಲಿದ್ದೆ.
ಅಲ್ಲಿ ಗುಡ್ಡವೇ ಇಲ್ಲ, ರೊಟ್ಟಿ ಲಟ್ಟಿಸಿದ ಹಾಗೆ ಊರು.
ನೂರೈವತ್ತು ಹಸಿರು ಸೈಕಲ್ಲು, ಬ್ಯಾಂಡು, ರಿಬ್ಬನ್ನು.
ಮೇಯರ್ ಸಾಹೇಬರು ಸೂಟಿನಲ್ಲೇ ಇಪ್ಪತ್ತು ಅಡಿ ತುಳಿದರು,
ಫೋಟೋದವರಿಗಾಗಿ ಅದರಲ್ಲಿ ಹತ್ತು ಅಡಿ ಮತ್ತೊಮ್ಮೆ.
ನಿಲ್ದಾಣಗಳು ಒಂಬತ್ತು:
ಪುರಸಭೆಯ ಮುಂದೆ, ಮ್ಯೂಸಿಯಮ್ಮಿನ ಮುಂದೆ,
ಬಾಗಿಲಲ್ಲಿ ಟೋಪಿಯವನು ನಿಲ್ಲುವ ಹೋಟೆಲಿನ ಮುಂದೆ.
ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯ ಮುಂದೆ ಇಲ್ಲ.
ಆಸ್ಪತ್ರೆಗೆ ಬರುವ ವರ್ಷ ಅಂದರು.
ಒಂದಕ್ಕೂ ಇನ್ನೊಂದಕ್ಕೂ ಎಷ್ಟು ದೂರವೆಂದರೆ
ಸೈಕಲ್ಲು ಹುಡುಕಿಕೊಂಡು ಹೋಗಲು ಒಂದು ಸೈಕಲ್ಲು ಬೇಕಿತ್ತು.

ಓಡಿಲಿಯಾ ಅಂತ ಒಬ್ಬಳು, ಹೋಟೆಲಿನಲ್ಲಿ ಹಾಸಿಗೆ ಬದಲಿಸುವವಳು,
ಕಂಬದ ಪರದೆಯ ಮುಂದೆ ನಿಂತು ಕೇಳಿದಳು:
ಚಿಲ್ಲರೆ ತಗೊಳ್ಳೋದಿಲ್ಲವಾ ಇದು?
ತಗೊಳ್ಳೋದಿಲ್ಲ. ಕಾರ್ಡು ಬೇಕು,
ಕಾರ್ಡಿನೊಳಗೆ ಒತ್ತೆಗೆ ಇನ್ನೂರು ಯೂರೋ ಬೇಕು.
ಅವಳು ಸೀಟನ್ನೊಮ್ಮೆ ಸವರಿ, ಅಂಗೈ ನೋಡಿಕೊಂಡು,
ಚೀಲ ಇನ್ನೊಂದು ಭುಜಕ್ಕೆ ಬದಲಿಸಿ ನಡೆದುಹೋದಳು.
ಸೀಟಿನ ಮೇಲೆ ಧೂಳಿತ್ತು.
ನಾನದನ್ನು ವರದಿಯಲ್ಲಿ ಬರೆಯಲಿಲ್ಲ,
ಧೂಳಿಗೆ ಅಂಕಣವಿರಲಿಲ್ಲ.

ಮೂರನೆಯ ಚಳಿಗಾಲಕ್ಕೆ ಕಂಬ ಕಿತ್ತರು.
ಜನಕ್ಕೆ ಅಭ್ಯಾಸವಿಲ್ಲ ಅಂತ ಪತ್ರಿಕೆಯಲ್ಲಿ ಬಂತು.
ಕೆಲವು ಕಡಲಲ್ಲಿ ಸಿಕ್ಕವು, ಹ್ಯಾಂಡಲಿಗೆ ಚಿಪ್ಪು ಕಚ್ಚಿಕೊಂಡು.
ಪೋಕರಿಗಳು ಅಂದರು. ಇರಬಹುದು.
ತನ್ನದಲ್ಲ ಅಂತ ಗೊತ್ತಾದ ವಸ್ತುವನ್ನು
ಊರು ಎಲ್ಲಾದರೂ ಒಂದು ಕಡೆ ಇಡಲೇಬೇಕಲ್ಲ.

ಇಲ್ಲಿ, ಬೆಳಗಿನ ಜಾವ ಐದಕ್ಕೆ ಹತ್ತು ನಿಮಿಷವಿರುವಾಗ
ಬೇಕರಿಯ ಟೆಲ್ಮು ಮೂಲೆ ತಿರುಗಿ ಬರುತ್ತಾನೆ.
ಸೈಕಲ್ಲು ಸಿಗದಿದ್ದರೆ ಮೊದಲ ದಿನ ನನ್ನನ್ನು ಬೈಯುತ್ತಾನೆ,
ನಮ್ಮಮ್ಮನನ್ನೂ ಸೇರಿಸಿ.
ಎರಡನೆಯ ದಿನ ಓಡುತ್ತಾನೆ.
ಮೂರನೆಯ ದಿನ ಹಳೇ ಸ್ಕೂಟರು ರಿಪೇರಿಗೆ ಕೊಡುತ್ತಾನೆ,
ಆಮೇಲೆ ಎದುರಾದರೆ ನಕ್ಕು ನಮಸ್ಕಾರ ಅನ್ನುತ್ತಾನೆ.
ಆ ನಮಸ್ಕಾರಕ್ಕೆ ನನಗೆ ಹೆದರಿಕೆ.
ಬೈಗುಳ ಕೇಳಿಸುವ ತನಕ ಪರವಾಗಿಲ್ಲ.

ಹೋದ ತಿಂಗಳು ಬೇರೆ ದೇಶದ ಎಂಜಿನಿಯರುಗಳು ಬಂದಿದ್ದರು,
ನಿಮ್ಮಲ್ಲಿ ಮಾತ್ರ ಇದು ಹೇಗೆ ನಡೆಯುತ್ತದೆ ಅಂತ.
ನಕ್ಷೆ ತೋರಿಸಿದರು ನಮ್ಮ ಆಫೀಸಿನವರು, ಬಣ್ಣದ ಗೆರೆ, ಬಾಣ.
ಝೆಫೆರೀನುವನ್ನು ಕೇಳಿದಾಗ ಅವನು ತಿರುಗಿ ನಿಂತು
ಅಂಗಿ ಎತ್ತಿ ಸೊಂಟದ ಪಟ್ಟಿ ತೋರಿಸಿದ.
ಅವರು ಅದನ್ನೂ ಬರೆದುಕೊಂಡರು, ಪಾಪ.

ನಿನ್ನೆ ರಾತ್ರಿ ಐದನೆಯ ಸಲ ಹತ್ತುತ್ತಿರುವಾಗ
ಮುಂದೆ ಒಂದು ಕೆಂಪು ದೀಪ, ಅತ್ತಿತ್ತ ಓಲಾಡುತ್ತಾ.
ಒಬ್ಬಳು ಹುಡುಗಿ, ಸೀಟು ಬಿಟ್ಟೆದ್ದು ತುಳಿಯುತ್ತಿದ್ದಾಳೆ, ನಮ್ಮದೇ ಸೈಕಲ್ಲು.
ವ್ಯಾನು ನಿಧಾನ ಮಾಡಿ ಕೇಳಿದೆ, ಹಿಂದೆ ಹಾಕಿಕೊಳ್ಳಲಾ?
ಮಾತಿಗೆ ಉಸಿರಿರಲಿಲ್ಲ, ತಲೆಯಾಡಿಸಿದಳು, ಬೇಡ.
ಅವಳ ಹಿಂದೆಯೇ ಹತ್ತಿದೆವು, ಮೊದಲ ಗೇರಿನಲ್ಲಿ,
ದಾರಿಗೆ ಬೆಳಕು ಬಿಟ್ಟುಕೊಂಡು.

ಮೇಲೆ ಹೋಗಿ ಝೆಫೆರೀನು ಪುಸ್ತಕ ತೆರೆದು
ಇಪ್ಪತ್ತೆರಡು ಅಂತ ಬರೆದ.
ಸ್ವಲ್ಪ ಹೊತ್ತು ಪೆನ್ನು ಕಚ್ಚಿಕೊಂಡಿದ್ದು,
ಪಕ್ಕದಲ್ಲಿ, ಬೇರೆಯಾಗಿ, ಒಂದು.