ಒಡಪು

ಸತ್ತು ಏಳು ತಿಂಗಳಿಗೆ ನಮ್ಮ ಮನಿಯವರು
ಹುಮನಾಬಾದದಾಗ ಬೈಕ್ ಕೊಂಡಾರ.
ಕೆಂಪು ಬಣ್ಣದ್ದು.
ಮೂರು ಕಂತು ತುಂಬಿಲ್ಲಂತ
ಫೈನಾನ್ಸಿನ ಹುಡುಗ ಬಾಗಲಾಗ ನಿಂತು
ಚಪ್ಪಲಿ ಬಿಡದೆ ಕೇಳಿದ: ಎಲ್ಲದಾರ ಅವರು?

ಗೋಡಿ ಮ್ಯಾಲಿನ ಫೋಟೋ ತೋರಿಸಿದೆ.
ಹಾರ ನೋಡಿದ, ಕೈಯಾಗಿನ ಕಾಗದ ನೋಡಿದ.
ಹೆಸರು ಇವರದೇ,
ಮುಖ ಮಾತ್ರ ಬ್ಯಾರೆ ಯಾರದೋ.

ಜೀವ ಇದ್ದಾಗ ಸೈಕಲ್ ಬಿಟ್ಟು ಮತ್ತೊಂದು ಏರಿದವರಲ್ಲ.
ಇಳುಕಲು ಬಂದ್ರ ಅದನ್ನೂ ತಳ್ಳಿಕೋತ ನಡೆಯೋರು.

ಠಾಣ್ಯಾಗ ಹವಾಲ್ದಾರ ಬರಕೊಳ್ಳಾಕ ಕುಂತ.
"ಗಂಡನ ಹೆಸರು?"
ನನ್ನ ಬಾಯಿ ಕಟ್ಟಿತು.
ಮೂವತ್ತೊಂದು ವರ್ಷ ಆ ಹೆಸರು ಬರಿದೆ ಹೇಳಿದಾಕಿ ಅಲ್ಲ ನಾ.
ಹೊಸ್ತಿಲಿಗೆ ನಾದಿನಿಯರು ಅಡ್ಡಗಟ್ಟಿದಾಗ ಒಮ್ಮೆ,
ಕುಬಸದ ಆರತ್ಯಾಗ ಒಮ್ಮೆ,
ಅದೂ ಒಡಪಿನೊಳಗ ಮಡಚಿ:

  ಬೀದರ ಕ್ವಾಟಿಗೆ ಏಳು ಅಗಸಿ, ಅಗಸಿಗೊಂದು ಬೀಗ,
  ವೈಜಿನಾಥರು ಬರ್ತಾರಂದ್ರ ಕೀಲಿ ತಗೀತೀನಿ ಬೇಗ.

ಅಂಥಾ ಹೆಸರು
ಲಕೋಟಿಗೊಂದು ಕಿಟಕಿ ಕೊರೆದು
ಪ್ಲಾಸ್ಟಿಕ್ಕಿನ ಹಿಂದ ಕುಂಡ್ರಿಸಿ
ಓಣಿಗೆಲ್ಲ ತೋರಿಸಿಕೋತ ಕಳಸ್ತಿತ್ತು ಬ್ಯಾಂಕು.
ಬ್ಯಾಂಕಿನದು, ವಿಮಾದ್ದು, ಪಿಂಚಣಿ ಕಚೇರಿದು...
ಸತ್ತವರಿಗೆ ಟಪಾಲು ನಿಲ್ಲಂಗಿಲ್ಲ.
ನಾ ಒಡದು ನೋಡಲಿಲ್ಲ. ಹರೀಲೂ ಇಲ್ಲ.
ಹರದ್ರ ಇನ್ನೊಮ್ಮೆ ಹೋಗ್ತಾರ ಅನ್ನಿಸ್ತಿತ್ತು.
ಸುತಳಿ ಕಟ್ಟಿ ಅಟ್ಟದ ಮ್ಯಾಲ ಇಟ್ಟೆ.
ದೀಪಾವಳಿಗೆ ಮನಿ ಬಳಿವಾಗ
ಹಳೇ ಪೇಪರಿನ ಜೋಡಿ ಅದೂ ತಕ್ಕಡಿ ಏರಿತು.
ನೌಬಾದದ ರದ್ದಿ ಗಾಡಿಯವ,
ಮೂರು ಕಿಲೋ, ಕಿಲೋಕ್ಕ ಹನ್ನೆರಡು.
ಆ ಮೂವತ್ತಾರು ರೂಪಾಯಿಗೆ
ಕೊತ್ತಂಬರಿ ತಂದೆ, ಶುಂಠಿ ತಂದೆ,
ಉಳಿದ ಚಿಲ್ಲರೆ ಸೆರಗಿಗೆ ಗಂಟು ಹಾಕಿದೆ.

ಹವಾಲ್ದಾರ ಪೆನ್ನು ಕಚ್ಚಿ ಅಂದ:
"ಅವ್ವಾ, ಖಾತೆ ನಂಬರು, ಸಹಿ, ಹುಟ್ಟಿದ ತಾರೀಖು,
ಎಲ್ಲಾ ನೀವೇ ತೂಗಿ ಕೊಟ್ಟೀರಿ.
ಹರಿದಾದ್ರೂ ಕೊಡಬಾರದಿತ್ತಾ?"

ಆಗ ಹೇಳಿದೆ ಹೆಸರು.
ಒಡಪಿಲ್ಲದ, ಬರಿಗಾಲಿನ ಹೆಸರು.
ಅವ ತಪ್ಪು ಬರಕೊಂಡ. ಇನ್ನೊಮ್ಮೆ ಹೇಳಬೇಕಾಯ್ತು.

ನೆಗೆಣ್ಣಿ ಪ್ರಯಾಗಬಾಯಿ ಕೇಳಿ ನಕ್ಕಳು, ಆಮ್ಯಾಲ ಅತ್ತಳು.
"ಹರದ್ರ ಜೋಡಿಸೋರು ಇರ್ತಾರ,
ಸುಡಾಕ ನಿನ್ನ ಕೈಲಿ ಆಗಂಗಿಲ್ಲ.
ನೆನಿ ಹಾಕು ತಂಗಿ."

ಹೊಸದಾಗಿ ಬಂದದ್ದೆಲ್ಲ ಹಿತ್ತಲ ಬಕೀಟಿನ್ಯಾಗ ಮುಳುಗಿಸಿದ್ವಿ.
ಮೊದಲ ದಿನ ಠಸೆಯ ನೀಲಿ ಬಿಟ್ಟಿತು.
ಎರಡನೇ ದಿನ ಅಂಕಿಗಳು ಒಂದರ ಮ್ಯಾಲೊಂದು ಜಾರಿದವು,
ಎಂಟು ಯಾವುದು ಮೂರು ಯಾವುದು ಬ್ರಹ್ಮನಿಗೂ ತಿಳೀಬಾರದು.
ಪಿಂಚಣಿ ಕಚೇರಿಯ ಕನ್ನಡದ ಕಾಗದದಾಗ
ಹೆಸರು ಹಟ ಹಿಡಿದು ಕುಂತಿತ್ತು.
ಥ-ದ ಹೊಟ್ಟಿಯೊಳಗಿನ ಚುಕ್ಕಿ
ಮೂರನೇ ದಿನ ಸಂಜಿಗೆ ಹೋಯ್ತು.
ಅದನ್ನ ನೋಡಿಕೋತ ಕುಂತಿದ್ದೆ ನಾ.

ಮೆಂತೆ ಅರೆದು ಕೂಡಿಸಿ, ಒಳ್ಳಾಗ ಕುಟ್ಟಿ,
ಬೋರಲ ಹಾಕಿದ ಗಡಗಿಗೆ ಬಡಿದು ಬಿಸಲಿಗಿಟ್ಟರ
ಗಟ್ಟಿ ಬುಟ್ಟಿ.
ಈಗ ಅದರಾಗ ಕಡಕ್ ರೊಟ್ಟಿ ಇರ್ತಾವ.
ಕಿಟಕಿಗಳು ಮಾತ್ರ ಕರಗಲಿಲ್ಲ,
ನೀರಿನ ಮ್ಯಾಲ ತೇಲಿದವು ನಾಕು.
ಒಂದು ಎತ್ತಿ ಕಣ್ಣಿಗೆ ಹಿಡಿದೆ:
ಪ್ರಯಾಗಬಾಯಿ, ಬಕೀಟು, ತಂತಿ ಮ್ಯಾಲಿನ ಸೀರಿ.

ಕೇಸು ಇನ್ನೂ ನಡದದ.
ಎಲ್ಲೋ ಹುಮನಾಬಾದದ ರಸ್ತ್ಯಾಗ
ಅವರ ಹೆಸರು ಜೋರ ಹೊಡೀತದ, ಕೆಂಪು ಬೈಕು.
ಇಳುಕಲಿಗೆ ಇಳಿದು ತಳ್ಳೋ ಹೆಸರು ಅದು.
ಹೆಲ್ಮೆಟ್ ಆದ್ರೂ ಹಾಕಿರಲಿ.