ಕೋಟು ತೂಗುತ್ತಿದ್ದ ಜಾಗ

ಕೋಟು ಮಾರಿದ ಮೇಲೆ ಕಪಾಟು ಬರಿದಾಯಿತು.
ನರಿಯ ತುಪ್ಪುಳದ ಕಾಲರಿನದು, ಮದುವೆಯ ವರ್ಷದ್ದು;
ಕುತಾಯಿಸಿಯ ಸಂತೆಯಲ್ಲಿ ಕೈಬದಲಾಗಿ
ಎರಡು ಮೂಟೆ ಜೋಳದ ಹಿಟ್ಟಾಗಿ ಮನೆಗೆ ಬಂತು.
ಒಳಗೆ ಉಳಿದದ್ದು ಒಂದು ಕೊಕ್ಕೆ, ನುಸಿಗುಳಿಗೆಯ ವಾಸನೆ,
ಸುಮ್ಮನೆ ಬಾಗಿಲು ತೆರೆದು ನೋಡುವ ನನ್ನ ಚಟ.

ಅದೇ ಚಳಿಗಾಲ ಶಾಲೆಗೆ ಬೀಗ ಬಿತ್ತು.
ಸೌದೆಯಿಲ್ಲ, ಕರೆಂಟಿಲ್ಲ,
ಪ್ರಯೋಗಶಾಲೆಯ ಸಹಾಯಕಿಗೆ ನಾಲ್ಕು ತಿಂಗಳ ಸಂಬಳವಿಲ್ಲ.
ಹೆಡ್‌ಮಾಸ್ತರು ನುಗ್ಜಾರ್ ಕಿಟಕಿಯ ಕಡೆ ನೋಡುತ್ತ ಅಂದರು:
"ಒಡೆಯುವಂಥದ್ದನ್ನೆಲ್ಲ ನೀನೇ ಒಯ್ಯಿ, ತ್ಸಿಸಾನಾ.
ಇಲ್ಲಿದ್ದರೆ ಹೇಗೂ ಒಡೆಯುತ್ತದೆ."

ತಲೆವಸ್ತ್ರದಲ್ಲಿ ಸುತ್ತಿ ತಂದೆ ಪಟ್ಟಕವನ್ನು,
ಉಣ್ಣೆಯ ಕಾಲುಚೀಲದಲ್ಲಿ ಪ್ರನಾಳಗಳನ್ನು, ಎರಡೆರಡು.
ತಕ್ಕಡಿಯ ಬಟ್ಟುಗಳಲ್ಲಿ ಐದು ಗ್ರಾಮಿನದು ಕಳೆದಿತ್ತು;
ಮಗ ಬೆಸಿಕ್ ಹಳೆಯ ಐದು ಕೊಪೆಕ್ ನಾಣ್ಯ ಇಟ್ಟು ನೋಡಿದ.
ಇನ್ನು ಯಾವ ಅಂಗಡಿಯಲ್ಲೂ ನಡೆಯದ ನಾಣ್ಯ
ತಕ್ಕಡಿಯಲ್ಲಿ ಮಾತ್ರ ಇನ್ನೂ ಸರಿಯಾಗಿ ಐದು.

ಅತ್ತೆ ಒಲೆಯ ಮುಂದಿನಿಂದಲೇ ಅಂದಳು:
"ಹೊಟ್ಟೆಗೆ ಹಿಟ್ಟಿಲ್ಲ, ಗಾಜಿನ ನಳಿಗೆಗೆ ಹಾಸಿಗೆ."
ಹಿಟ್ಟು ಎರಡು ಮೂಟೆ ಇತ್ತು. ಅವಳಿಗೂ ಗೊತ್ತಿತ್ತು.

ಮೇಲಂತಸ್ತು ನನ್ನದು, ಕೀಲಿ ಕೊರಳಲ್ಲಿ.
ಸ್ಪಿರಿಟ್ ಸೀಸೆಯ ಮೇಲೆ 'ವಿಷ' ಎಂದು ಬರೆದೆ;
ಮೈದುನನಿಗೆ ಓದು ಬರುತ್ತದೆ, ಆದರೂ
ಕೀಲಿ ಮರೆತ ದಿನ ಒಂದು ಬೆರಳು ಕಡಿಮೆ.
ಕೆಳಗಿನದು ಮಕ್ಕಳದು: ಅಯಸ್ಕಾಂತ, ಸೂಜಿ, ಮೇಣದ ಚೂರು,
ರಿಯೋನಿ ಹೊಳೆಯ ಹದಿನಾರು ಕಲ್ಲು
(ಹದಿನೇಳು, ಎನ್ನುತ್ತಾಳೆ ಮಕ್ವಲಾ, ಒಂದು ಒಡೆದಿದೆ),
ನಿಂತ ಗಡಿಯಾರದ ಹೊಟ್ಟೆ, ಜೇನುನೊಣದ ಒಂಟಿ ರೆಕ್ಕೆ.
ಏತಕ್ಕೆ ಎಂದರೆ, "ಬೇಕಾದೀತು."
ಹಾಗೆಂದೇ ನನ್ನಮ್ಮ ಗುಂಡಿಗಳನ್ನು ಕೂಡಿಡುತ್ತಿದ್ದಳು.

ನಡುವಿನ ಅಂತಸ್ತಿನಲ್ಲಿ ಮೈಲುತುತ್ತದ ಡಬ್ಬಿ.
ಜನವರಿಯಲ್ಲಿ ಮಕ್ವಲಾ ಜಾಡಿಯ ಬಾಯಿಗೆ ಪೆನ್ಸಿಲ್ ಅಡ್ಡವಿಟ್ಟು
ನೀಲಿ ನೀರಿನೊಳಗೆ ದಾರ ಇಳಿಬಿಟ್ಟಳು.
ಕೋಣೆಯೊಳಗೆ ನಾಲ್ಕು ಡಿಗ್ರಿ. ನಾವು ನಡುಗಿದೆವು,
ಹರಳು ನಡುಗದೆ ಬೆಳೆಯಿತು,
ಅಕ್ಕಿಕಾಳಿನಷ್ಟು, ಅವರೆಯಷ್ಟು, ಅವಳ ಹೆಬ್ಬೆರಳಷ್ಟು.

ಮೇ ತಿಂಗಳಲ್ಲಿ ಬಾಗಿಲು ತಟ್ಟಿದವನು ಗೆರೊಂಟಿ.
"ಮೈಲುತುತ್ತ ಇದೆಯಂತಲ್ಲ? ದ್ರಾಕ್ಷಿಗೆ ರೋಗ ಬಂದಿದೆ.
ಸಂತೆಯಲ್ಲಿ ಕೇಳಿದರೆ ಕಣ್ಣು ಕೇಳುತ್ತಾರೆ."
ಡಬ್ಬಿ ಕೊಟ್ಟೆ. ಕೊಡದೆ ಇರಲು ಅದೇನು ಹರಕೆಯ ಒಡವೆಯೇ?
ಅವನು ಬೀನ್ಸಿನ ಚೀಲ ಕೆಳಗಿಟ್ಟ.
ಅತ್ತೆ ಅದನ್ನು ಎತ್ತಿ ನೋಡಿ ಏನೂ ಹೇಳಲಿಲ್ಲ.

ಮಕ್ವಲಾಳ ಎರಡು ಕೈಯೂ ಬೆನ್ನ ಹಿಂದೆ.
ಆ ರಾತ್ರಿ ಮೇಣದ ಬೆಳಕಲ್ಲಿ ಹರಳು ತೂಗಿದಳು:
ಎರಡು ಬಟ್ಟು, ಒಂದು ನಾಣ್ಯ.
ಬೆಳಿಗ್ಗೆ ಜಾಡಿಯಲ್ಲಿ ಬರಿ ದಾರ.

ತೋಟದಲ್ಲಿ ಸಿಕ್ಕಳು. ನನ್ನ ರಬ್ಬರ್ ಕೈಗವಸು
ಮೊಣಕೈವರೆಗೂ ಏರಿತ್ತು. ಬಕೆಟ್ಟಿನಲ್ಲಿ ಸುಣ್ಣ,
ಅದರೊಳಗೆ ನಾಲ್ಕು ತಿಂಗಳ ನೀಲಿ.
ಗೆರೊಂಟಿ ಟೋಪಿ ನೆಲಕ್ಕೆ ಬಡಿದು ಕೂಗುತ್ತಿದ್ದ:
"ರೋಗ ಬರಲೆಂದು ಒಂದು ಬಳ್ಳಿ ಬಿಡಬೇಕಂತೆ!
ನನ್ನಪ್ಪ ನೆಟ್ಟದ್ದು!"
"ಬಿಡದಿದ್ದರೆ," ಅಂದಳು, "ಔಷಧಿಯಿಂದಲೇ ಉಳಿಯಿತೆಂದು
ಹೇಗೆ ಗೊತ್ತಾಗುತ್ತದೆ?"
ಅವನು ನನ್ನ ಮುಖ ನೋಡಿದ. ನಾನು ಬಳ್ಳಿಯನ್ನು ನೋಡಿದೆ.

ಗೋಡೆಯ ಪಕ್ಕದ ಬಡಕಲನ್ನು ಬಿಟ್ಟ.
ಬೇಸಗೆಯೆಲ್ಲ ಇಬ್ಬರೂ ಎಲೆ ಎಣಿಸಿದರು,
ಅವಳು ಪುಸ್ತಕದಲ್ಲಿ, ಅವನು ಬೈಗುಳದಲ್ಲಿ.

ಅಕ್ಟೋಬರಿನಲ್ಲಿ ಬುಟ್ಟಿ ಹೊತ್ತು ಬಂದ.
ಬಡಕಲು ಬಳ್ಳಿಯ ಹುಳಿಗೊಂಚಲು ಎರಡೇ ಎರಡು,
ಬೇರೆ ಕಾಗದದಲ್ಲಿ ಸುತ್ತಿಟ್ಟಿದ್ದ.
ಕೂರು ಎಂದರೆ ಕೂರಲಿಲ್ಲ. ಕಪಾಟಿನ ಕಡೆ ಗದ್ದ ಎತ್ತಿ,
ಸಾಲ ಕೇಳುವವನ ದನಿಯಲ್ಲಿ ಕೇಳಿದ:
"ಮುಂದಿನ ವರ್ಷ ಯಾವುದನ್ನು ಬಿಡಬೇಕಂತೆ?"