ಆರಿಸುವ ಕ್ರಮ

ದಸ್ತಗೀರ್ ಸಾಬರು ನನಗೆ ಕಲಿಸಿದ್ದು ಎರಡೇ ಮಾತು,
ಅದಕ್ಕೇ ಹದಿನಾರು ವರ್ಷ ಹಿಡಿಯಿತು.
ಹಚ್ಚುವಾಗ ಆಂಪ್ಲಿಫೈಯರ್ ಕೊನೆಗೆ.
ಆರಿಸುವಾಗ ಆಂಪ್ಲಿಫೈಯರ್ ಮೊದಲು.
ಉಳಿದದ್ದು, ವೈರು ಸುತ್ತುವುದು,
ಲೋಡು ಕಟ್ಟುವುದು, ಬಾಕಿ ಕೇಳುವುದು,
ಎಲ್ಲ ಗದರಿಕೆಯಲ್ಲೇ ಬಂತು.

"ದೊಡ್ಡ ಗಂಟಲಿನವನು, ಹಾಲೇಶಿ,
ಮನೆಮಂದಿ ಎಲ್ಲ ಮುಖ ತೊಳೆದ ಮೇಲೆ ಏಳಬೇಕು.
ಅವನೇ ಮೊದಲು ಎದ್ದು ಕೂತನೋ,
ಒಬ್ಬೊಬ್ಬರ ಆಕಳಿಕೆಯನ್ನೂ ಊರಿಗೆ ಸಾರುತ್ತಾನೆ."

ನಕ್ಕಿದ್ದೆ.
ಆ ನಗುವಿನ ಬಿಲ್ಲು ಬಂದದ್ದು ಸವಳಂಗ ರಸ್ತೆಯ ಛತ್ರದಲ್ಲಿ,
ಆರತಕ್ಷತೆಯ ರಾತ್ರಿ, ಕೊನೇ ಪಂಕ್ತಿ ತಪ್ಪುತ್ತದೆಂದು
ಮಿಕ್ಸರಿನ ಪಿನ್ನು ಕಿತ್ತೆ. ಆಂಪು ಎದ್ದೇ ಇತ್ತು.
ಧಡ್!
ಪಾಯಸದ ಸೌಟು ನೆಲಕ್ಕೆ,
ಯಾರದೋ ಕೂಸು ಕಿಟಾರನೆ ಕಿರುಚಿ,
ಎಡಗಡೆ ಡಬ್ಬದ ಹದಿನೈದಿಂಚಿನ ಕೋನು
ಹಪ್ಪಳದ ಹಾಗೆ ಸೀಳಿತ್ತು.
ಸಾಬರು ಬೈಯಲಿಲ್ಲ.
ಟಾರ್ಚು ಬಿಟ್ಟು, ಸೀಳಿನ ಉದ್ದಕ್ಕೂ ಬೆರಳಾಡಿಸಿ,
"ಊಟ ಆಯ್ತಾ?" ಅಂದರು.
ಮೂರು ಮದುವೆಯ ಕೂಲಿ ಆ ಸೀಳಿನೊಳಗೆ ಹೋಯಿತು.

ಆಮೇಲೆ ತಲೆಗಿಂತ ಮೊದಲು ಕೈಗೆ ಗೊತ್ತಾಯಿತು:
ಮೈಕಿನ ವೈರು, ಮಿಕ್ಸರು, ಗುಂಡಿಗಳೆಲ್ಲ ಸೊನ್ನೆಗೆ,
ಹತ್ತು ಎಣಿಸಿ ಆಂಪು.
ಕರೆಂಟು ಹೋದರೆ ಮೇಣದಬತ್ತಿಗೆ ಓಡಬಾರದು,
ಆಂಪಿನ ಸ್ವಿಚ್ಚಿಗೆ ಓಡಬೇಕು.
ಹೋದ ಕರೆಂಟು ಹೇಳಿ ಕೇಳಿ ಬರುವುದಿಲ್ಲ,
ಬಡ್ಡಿಯವನ ಹಾಗೆ ಬಾಗಿಲು ಒದ್ದೇ ಬರುತ್ತದೆ.

ಈಗ ಸಾಬರ ಕಿವಿ ಹೋಗಿದೆ.
ಮೊದಲು ಗೆಜ್ಜೆ ಹೋಯಿತಂತೆ,
ಆಮೇಲೆ ಅಡುಗೆಮನೆಯಲ್ಲಿ ಬೀಬಿಯ ಬಳೆ,
ಆಮೇಲೆ ಶ, ಷ, ಸ ಮೂರೂ ಒಟ್ಟಿಗೆ.
ನನ್ನ ಹೆಸರನ್ನು ಯಾರಾದರೂ ಕೂಗಿದರೆ
ಹಾಲಿನವನು ಬಂದ ಅಂದುಕೊಳ್ಳುತ್ತಾರೆ.
ಆದರೂ ವ್ಯಾನಿನ ಮುಂದಿನ ಸೀಟು ಅವರದೇ.
ನಾನು ಆಂಪು ಹಚ್ಚುವ ಹೊತ್ತಿಗೆ
ಡಬ್ಬದ ಬೆನ್ನಿಗೆ ಅಂಗೈ ಊರಿ ನಿಂತಿರುತ್ತಾರೆ,
ಜ್ವರ ನೋಡುವವರ ಹಾಗೆ.
"ಗುಂಯ್ ಅಂತಿದೆ, ಅರ್ತಿಂಗ್ ನೋಡು" ಅನ್ನುತ್ತಾರೆ.
ನೋಡಿದರೆ ಹೌದು.

ಮೊನ್ನೆ ಭದ್ರಾವತಿಯಲ್ಲಿ ಒಂದು ಬೀಳ್ಕೊಡುಗೆ.
ಹಾರ, ಶಾಲು, ನಾಲ್ಕು ಜನರ ಎರಡೆರಡು ಮಾತು
ಎರಡೆರಡು ಗಂಟೆ.
ಎಲ್ಲ ಮುಗಿದು ಆಂಪು ಆರಿಸಿದೆ.
ಡಬ್ಬಗಳು ಬರೀ ಮರ ಆದವು.
ಮಿಕ್ಸರು ಮಾತ್ರ ಎಚ್ಚರ.

ಕಸ ಗುಡಿಸುವ ಸೀತ್ಲಿಬಾಯಿಯ ಮಗಳು
ವೇದಿಕೆ ಹತ್ತಿ, ಎತ್ತರದ ಮೈಕಿಗೆ
ತುದಿಗಾಲಲ್ಲಿ ನಿಂತು ಹಾಡತೊಡಗಿದಳು.
ಲಂಬಾಣಿ ಹಾಡು. ನನಗೆ ಒಂದಕ್ಷರ ತಿಳಿಯದು.
ಮೊದಲ ಸಾಲಿನ ಕುರ್ಚಿಯವರೆಗೂ ಬರದಷ್ಟು ಸಣ್ಣ ದನಿ,
ಪೊರಕೆಯ ಸದ್ದೇ ಅದಕ್ಕಿಂತ ಜೋರು.
ಆದರೆ ಇಲ್ಲಿ, ನನ್ನ ಕೈಕೆಳಗೆ,
ಹಸಿರು ದೀಪ, ಅದರ ಮೇಲೊಂದು ಹಸಿರು,
ಒಮ್ಮೊಮ್ಮೆ ಹಳದಿ, ಮತ್ತೆ ಇಳಿದು ಕತ್ತಲೆ,
ಕತ್ತಲೆಯಿಂದ ಮತ್ತೆ ಹಸಿರು.

ಮಿಕ್ಸರಿನ ಸ್ವಿಚ್ಚಿಗೆ ಬೆರಳಿಟ್ಟಿದ್ದೆ.
ಸಾಬರು ಮಣಿಕಟ್ಟು ಹಿಡಿದರು.
ಅವಳ ಕಡೆ ತಿರುಗಲೂ ಇಲ್ಲ,
ದೀಪಗಳನ್ನೇ ನೋಡುತ್ತ ಇದ್ದರು,
ತುಟಿ ಸ್ವಲ್ಪ ತೆರೆದು.
"ಉಸಿರು ಎಲ್ಲಿ ತಗೋಬೇಕು ಅಂತ
ಗೊತ್ತಿದೆ ಈ ಹುಡುಗಿಗೆ."

ಹೊರಗೆ ವ್ಯಾನಿನವನು ಹಾರನ್ ಹಾಕುತ್ತಿದ್ದ.
ಸೀತ್ಲಿಬಾಯಿ ಗದರಿದಳು. ಹುಡುಗಿ ಇಳಿಯುವ ಮುನ್ನ
ಮೈಕಿನ ತಲೆಗೆ ಟಪ್ಪೆಂದು ಬಡಿದಳು:
ಕೆಂಪು, ಒಂದೇ ಸಲ.
ಯಾರೂ ಬೆಚ್ಚಲಿಲ್ಲ.

ಆಮೇಲೆ ಆರಿಸಿದೆ.